ಒಂದು ಮರಿಗೆ ಸಾಕಾಗುವ ಹಾಲು

ಪುಣೆ,
೧೪ ಅಕ್ಟೋಬರ್ ೧೯೯೩

ಶಾಮಲಕ್ಕನಿಗೆ ನೀತಾಳ ನಮಸ್ಕಾರಗಳು.

ನೀವು ಇಂಗ್ಲೆಂಡಿಗೆ ಸುಖವಾಗಿ ಮುಟ್ಟಿದ ಪತ್ರ ಬಂತು. ಅತ್ತೆಯವರಿಗೆ ಕಣ್ಣಿನ ಪೊರೆ ಇನ್ನೂ ಹಾಗೇ ಇರುವುದರಿಂದ ನಾನೇ ಓದಿ ಹೇಳಿದೆ. ಸಮುದ್ರದ ಪ್ರಾಣಿ ನೋಡಲು ಭೂಮಿಯ ಆ ತುದಿಗೆ ಹೊರಟ ಮಗಳ ಮೇಲೆ ಅವರಿಗೆ ಇನ್ನೂ ಸಿಟ್ಟಿದೆ. ಆದರೂ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಕೆಟ್ಟ ಸುದ್ದಿಯೊಂದನ್ನು ಬರೆಯಬೇಕಾಗಿದೆ. ಗಣಪತಿ ಕಳಿಸಿದ ಮರುದಿನ ಬೆಳಗಿನ ಜಾವ ನಮ್ಮ ಮನೆಯ ಪಾತ್ರೆಗಳು ಗಲಗಲ ಅಂದವು. ಬೀದಿಯಲ್ಲಿ ಢೋಲು ಇನ್ನೂ ನಿಂತಿರಲಿಲ್ಲ, ಅದರದೇ ಸದ್ದು ಅಂದುಕೊಂಡು ಮಲಗಿಬಿಟ್ಟೆವು. ಲಾತೂರು, ಉಸ್ಮಾನಾಬಾದ್ ಕಡೆ ಊರಿಗೆ ಊರೇ ಕುಸಿದಿದೆ ಎಂದು ಆಮೇಲೆ ರೇಡಿಯೋದಲ್ಲಿ ಕೇಳಿದೆವು. ನಿಮ್ಮ ಸೋದರಮಾವನ ಮಗಳು ಇಂದೂಳನ್ನು ಉಮರ್ಗಾದ ಹತ್ತಿರದ ಹಳ್ಳಿಗೆ ಕೊಟ್ಟಿತ್ತಲ್ಲ, ಆ ಮನೆಯ ಕಲ್ಲಿನ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಇಂದೂ, ಅವಳ ಗಂಡ, ಅತ್ತೆ, ಮಾವ ಯಾರೂ ಉಳಿಯಲಿಲ್ಲ. ತೊಟ್ಟಿಲಿನ ಮೇಲೆ ತೊಲೆಯೊಂದು ಅಡ್ಡ ಬಿದ್ದಿದ್ದರಿಂದ ಕೂಸು ಮಾತ್ರ ಉಳಿಯಿತು.

ನಿಮ್ಮ ತಮ್ಮ ಅಂಗಡಿಯಿಂದ ಚಾದರ, ಸೀರೆಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿದ್ದರು. ಬರುವಾಗ ಕೂಸನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತಂದರು. ಮೂರು ತಿಂಗಳ ಗಂಡು. ಹೆಸರು ಮಹಾಂತೇಶ ಅಂತೆ, ನಾವು ಮಾಂತು ಅನ್ನುತ್ತಿದ್ದೇವೆ. ಅತ್ತೆಯವರು ಅದನ್ನು ಎದೆಗೆ ಅವಚಿಕೊಂಡು ಅತ್ತರು. ಆಮೇಲೆ ತಂದು ನನ್ನ ತೊಡೆಯ ಮೇಲೆ ಮಲಗಿಸಿದರು.

“ನೀತಾ, ನಿನ್ನ ಎದ್ಯಾಗ ಹಾಲು ಅದ. ಇದಕ್ಕ ಬ್ಯಾರೆ ಯಾರದಾರ ಹೇಳು?”

ನನ್ನನ್ನು ಕೇಳಿದ ಹಾಗೂ ಆಗಲಿಲ್ಲ, ಕೇಳದ ಹಾಗೂ ಆಗಲಿಲ್ಲ. ಅಷ್ಟರಲ್ಲಿ ಅವನು ಅತ್ತ. ಅವನ ಅಳುವಿಗೆ ನನ್ನ ಕುಪ್ಪಸ ತಾನಾಗಿಯೇ ಒದ್ದೆಯಾಯಿತು. ಶಾಮಲಕ್ಕ, ನನಗೆ ಯಾವ ಅಸಹ್ಯವೂ ಅನ್ನಿಸಲಿಲ್ಲ. ಅವನ ತಲೆಗೂದಲಲ್ಲಿ ಇನ್ನೂ ಮಣ್ಣಿತ್ತು. ನನ್ನ ಮಗಳು ಸ್ನೇಹಲ್‌ಗಿಂತ ಜೋರಾಗಿ ಎಳೆದು ಕುಡಿದ, ಕುಡಿಯುತ್ತಲೇ ನಿದ್ದೆ ಹೋದ. ನಾನು ಅಲುಗಾಡದೆ ಕುಳಿತಿದ್ದೆ.

ಅತ್ತೆಯವರ ಮುಂದೆ ಈಗ ಎರಡು ತೊಟ್ಟಿಲು. ಅದೊಂದೇ ಅವರಿಗೆ ಸಮಾಧಾನ.

ನಿಮ್ಮ
ನೀತಾ


ಇಂಗ್ಲೆಂಡ್,
೨೮ ಅಕ್ಟೋಬರ್ ೧೯೯೩

ಪ್ರೀತಿಯ ನೀತಾ,

ನಿನ್ನ ಪತ್ರವನ್ನು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನಿಂತು ಓದಿದೆ, ಅಲ್ಲೇ ಕುಳಿತುಬಿಟ್ಟೆ. ಇಂದೂ ಚಿಕ್ಕಂದಿನಲ್ಲಿ ಮೇ ರಜೆಗೆ ನಮ್ಮ ಮನೆಗೆ ಬಂದರೆ ನನ್ನ ಪುಸ್ತಕಗಳ ಚಿತ್ರಗಳಿಗೆಲ್ಲ ಮೀಸೆ ಬರೆಯುತ್ತಿದ್ದಳು. ಬೈದರೆ ಹೆಂಗಸರಿಗೂ ಬರೆಯುತ್ತಿದ್ದಳು. ಅವಳ ಮಗನಿಗೆ ನೀನು ಹಾಲು ಕೊಡುತ್ತಿದ್ದೀಯ. 

ಹೊರಡುವ ದಿನ ನೀನು ಕೇಳಿದ ಪ್ರಶ್ನೆಗೆ ಗಡಿಬಿಡಿಯಲ್ಲಿ ಉತ್ತರ ಕೊಡಲಿಲ್ಲ. ನಾನು ಅಲ್ಲಿ ಏನು ಮಾಡುತ್ತೇನೆ ಎಂದು ಕೇಳಿದ್ದೆ. ಸಮುದ್ರದಲ್ಲಿ ಈಜಿ ದಂಡೆಯಲ್ಲಿ ಹೆರುವ ಸೀಲ್‌ಗಳಲ್ಲಿ ಕೆಲವು ದೊಡ್ಡ ಜಾತಿಗಳಿವೆ. ಅವುಗಳ ತಾಯಂದಿರು ಮೊದಲೇ ತಿಂದು ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಂಡು ಬರುತ್ತವೆ. ಹೆತ್ತ ಮೇಲೆ ಹಾಲೂಡುವ ಕೆಲವು ವಾರ ಹೆಚ್ಚುಕಡಿಮೆ ಉಪವಾಸವೇ. ಕೊಬ್ಬು ಕರಗಿಸಿ ಹಾಲು ಮಾಡುತ್ತವೆ. ನಾನು ನೋಡಲು ಹೊರಟಿರುವುದು ಸಣ್ಣ ಜಾತಿ, ಮೈತುಂಬ ದಟ್ಟ ತುಪ್ಪಳ ಇರುವಂಥದ್ದು. ಅದರ ಮೈಯಲ್ಲಿ ಅಷ್ಟು ಕೊಬ್ಬು ಹಿಡಿಸುವುದಿಲ್ಲ. ಹೆತ್ತು ಒಂದು ವಾರ ಮರಿಯ ಬಳಿ ಇರುತ್ತದೆ. ಆಮೇಲೆ ಹಸಿವು ತಡೆಯಲಾರದೆ ಮರಿಯನ್ನು ದಂಡೆಯಲ್ಲಿ ಬಿಟ್ಟು ಸಮುದ್ರಕ್ಕೆ ಹೋಗುತ್ತದೆ. ನಾಲ್ಕೈದು ದಿನ ತಿಂದು ಬಂದು, ಒಂದೆರಡು ದಿನ ಹಾಲೂಡಿ, ಮತ್ತೆ ಹೋಗುತ್ತದೆ. ನಾಲ್ಕು ತಿಂಗಳು ಹೀಗೇ. ಎಷ್ಟು ದೂರ ಹೋಗುತ್ತದೆ, ಎಷ್ಟು ಆಳಕ್ಕೆ ಮುಳುಗುತ್ತದೆ ಎಂದು ತಿಳಿಯಲು ಅದರ ಬೆನ್ನಿನ ತುಪ್ಪಳಕ್ಕೆ ಸಣ್ಣ ಯಂತ್ರವೊಂದನ್ನು ಅಂಟಿಸುತ್ತೇವೆ. ಅದು ಮರಳಿ ಬಂದಾಗ ಬಿಚ್ಚಿ ನೋಡುತ್ತೇವೆ. ಮರಿಗಳನ್ನು ಚೀಲದಲ್ಲಿ ಹಾಕಿ ತೂಗುವುದೂ ನನ್ನ ಕೆಲಸ.

ನಾಳಿದ್ದು ಹೊರಡುತ್ತೇವೆ. ದಕ್ಷಿಣ ಧ್ರುವದ ಕಡೆಯ ನಮ್ಮ ದ್ವೀಪಕ್ಕೆ ತಿಂಗಳಿಗೊಮ್ಮೆ ಹಡಗು ಬಂದರೆ ಪುಣ್ಯ. ನಮ್ಮ ಟಪಾಲು ಫಾಕ್‌ಲೆಂಡಿಗೆ, ಅಲ್ಲಿಂದ ಇಂಗ್ಲೆಂಡಿಗೆ, ಅಲ್ಲಿಂದ ಪುಣೆಗೆ ಹೋಗಬೇಕು. ಒಂದು ಪತ್ರಕ್ಕೆ ಎರಡು ತಿಂಗಳು ಅಂದುಕೋ. ರೇಡಿಯೋ ಇದೆ, ಆದರೆ ಅದು ಜೀವಕ್ಕೆ ಅಪಾಯ ಬಂದಾಗ ಮಾತ್ರ.

ಅವ್ವನಿಗೆ ಹೇಳಿ ಹಾಲು ಹೆಚ್ಚಲು ಅಳವಿ ಪಾಯಸ ಮಾಡಿಸಿಕೊಂಡು ಉಣ್ಣು. ಸಬ್ಬಸಗಿ ಪಲ್ಯ ಬಿಡಬೇಡ. ಇಬ್ಬರ ಊಟ ನಿನ್ನೊಬ್ಬಳ ಹೊಟ್ಟೆಯಿಂದ ಹೋಗಬೇಕು.

ನಿನ್ನ
ಶಾಮಲಾ


ಪುಣೆ,
೨೫ ನವೆಂಬರ್ ೧೯೯೩

ಶಾಮಲಕ್ಕ,

ಇದು ನಿಮಗೆ ಯಾವಾಗ ಮುಟ್ಟುತ್ತದೋ. ಬರೆಯದೆ ಇರಲೂ ಆಗುತ್ತಿಲ್ಲ.

ಹೆರಿಗೆ ರಜೆ ಮುಗಿಯಿತು. ಬೆಳಿಗ್ಗೆ ಬಸ್ಸು ಹಿಡಿದು ಶಿವಾಜಿನಗರದ ಬ್ಯಾಂಕಿಗೆ ಹೋದರೆ ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ. ಕೂಸುಗಳನ್ನು ಅತ್ತೆಯವರೂ ಕೆಳಗಿನ ಮನೆಯ ರಂಗೂಬಾಯಿಯೂ ನೋಡಿಕೊಳ್ಳುತ್ತಾರೆ. ಮಧ್ಯಾಹ್ನ ಕೌಂಟರಿನ ಆಚೆ ಯಾರದೋ ಕೂಸು ಅತ್ತರೂ ನನ್ನ ಎದೆ ಸೋರುತ್ತದೆ. ಫೈಲನ್ನು ಎದೆಗೆ ಅಡ್ಡ ಹಿಡಿದು ಬಾತ್‌ರೂಮಿಗೆ ಹೋಗಿ ಹಿಂಡಿ ಚೆಲ್ಲಿ ಬರುತ್ತೇನೆ. ಮನೆಗೆ ಬರುವ ಹೊತ್ತಿಗೆ ಇಬ್ಬರೂ ಅಳುತ್ತಿರುತ್ತಾರೆ, ಆಗ ನೋಡಿದರೆ ಎದೆಯಲ್ಲಿ ಅಷ್ಟು ಹಾಲಿರುವುದಿಲ್ಲ.

ಯಾರನ್ನು ಮೊದಲು ಎತ್ತಿಕೊಳ್ಳಲಿ? ಅತ್ತೆಯವರು ಎದುರಿಗಿದ್ದರೆ ಮಾಂತುನನ್ನು ಎತ್ತಿಕೊಳ್ಳುತ್ತೇನೆ. ಅವರು ಅಡುಗೆಮನೆಯಲ್ಲಿದ್ದರೆ ಸ್ನೇಹಲ್‌ಳನ್ನು. ಇದನ್ನು ನಿಮಗೆ ಬಿಟ್ಟು ಯಾರಿಗೂ ಹೇಳಲಾರೆ.

ಮಾಂತು ಬಾಟಲಿ ಮುಟ್ಟುವುದಿಲ್ಲ. ರಬ್ಬರು ತುಟಿಗೆ ತಾಗಿದರೆ ಸಾಕು, ಮುಖ ತಿರುಗಿಸಿ ಕಿರುಚುತ್ತಾನೆ. ನಾನು ಬರುವ ತನಕ ಹಸಿದೇ ಇರುತ್ತಾನೆ. ಸ್ನೇಹಲ್ ಬಾಟಲಿ ಕುಡಿಯುತ್ತಾಳೆ, ಆದರೆ ಕುಡಿದದ್ದು ಕಕ್ಕುತ್ತಾಳೆ. ಈ ತಿಂಗಳು ತೂಕ ಏರಲೇ ಇಲ್ಲ. ಡಾಕ್ಟರು ನನ್ನನ್ನೇ ನೋಡಿ, “ನೀವು ಊಟ ಮಾಡ್ತೀರೋ ಇಲ್ಲವೋ?” ಎಂದು ಕೇಳಿದರು. ಊಟ ಮಾಡುತ್ತೇನೆ ಶಾಮಲಕ್ಕ. ಅತ್ತೆಯವರು ದಿನಾ ಅಳವಿ ಪಾಯಸ ಮಾಡುತ್ತಾರೆ, ನನ್ನ ತಟ್ಟೆಗೆ ತುಪ್ಪ ಸುರಿಯುತ್ತಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ನಿನ್ನೆ ಸ್ನೇಹಲ್‌ಗೆ ಇನ್ನೊಂದು ಸಲ ಕೊಡಲು ಹೋದಾಗ ಹೇಳಿದರು:

“ನಿನ್ನ ಮಗಳಿಗಿ ನೀ ಇದ್ದಿ, ಅಪ್ಪ ಇದ್ದಾನ, ಅಜ್ಜಿ ಅದೀನಿ. ಆ ಕೂಸಿಗಿ ನಿನ್ನ ಎದಿ ಬಿಟ್ರ ಏನದ?”

ರಂಗೂಬಾಯಿ ಅಲ್ಲೇ ಇದ್ದಳು. ಮೆಟ್ಟಿಲು ಇಳಿಯುವಾಗ ನನ್ನ ಕಿವಿಯಲ್ಲಿ, “ಅಗ, ದೋನ್ ಬಾಳಾಂಚಂ ದೂಧ್ ಕುಠೂನ್ ಆಣಶೀಲ?” ಅಂದಳು. ಇಬ್ಬರಿಗಾಗುವಷ್ಟು ಹಾಲನ್ನು ಎಲ್ಲಿಂದ ತರುತ್ತೀ ಎಂದು.

ನಿಮ್ಮನ್ನು ಒಂದು ಮಾತು ಕೇಳಬೇಕು. ಅಲ್ಲಿಯ ತಾಯಂದಿರು ಎರಡು ಮರಿಗಳಿಗೆ ಹಾಲೂಡುತ್ತವೆಯೇ? ಇನ್ನೊಂದರ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತವೆಯೇ? ನಗಬೇಡಿ. ನನಗೆ ಬೇರೆ ಯಾರನ್ನೂ ಕೇಳಲು ತೋಚುತ್ತಿಲ್ಲ.

ನಿಮ್ಮ
ನೀತಾ


ದ್ವೀಪದಿಂದ,
೧೮ ಡಿಸೆಂಬರ್ ೧೯೯೩

ಪ್ರೀತಿಯ ಅವ್ವ, ಪ್ರಭು, ನೀತಾ,

ನಾಡಿದ್ದು ಹಡಗು ಬರುತ್ತದೆಯಂತೆ, ಅದಕ್ಕೆ ಗಡಿಬಿಡಿಯಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ನಿಮ್ಮ ಯಾವ ಪತ್ರವೂ ಸಿಕ್ಕಿಲ್ಲ. ಬರುವ ಹಡಗಿನಲ್ಲಿ ಇರಬಹುದು. ತಮ್ಮಾ ಪ್ರಭು, ಇದನ್ನು ಎಲ್ಲರನ್ನೂ ಕೂರಿಸಿ ಅವ್ವನಿಗೆ ಜೋರಾಗಿ ಓದಿ ಹೇಳು.

ಅವ್ವ, ನಾನು ಚೆನ್ನಾಗಿದ್ದೇನೆ. ಮರದ ಸಣ್ಣ ಮನೆ, ಬೆಚ್ಚಗಿದೆ. ಬಾಗಿಲು ತೆರೆದರೆ ಸಮುದ್ರ, ದಂಡೆಯ ತುಂಬ ಸೀಲ್‌ಗಳು. ವಾಸನೆ ಮಾತ್ರ ಕೇಳಬೇಡ. ಮರಿಗಳು ಕಪ್ಪಗೆ, ಬೆಕ್ಕಿಗಿಂತ ತುಸು ದೊಡ್ಡವಾಗಿರುತ್ತವೆ. ಹುಟ್ಟಿದ ಕೂಡಲೇ ತಾಯಿ ಕೂಗುತ್ತದೆ, ಮರಿ ಕೂಗುತ್ತದೆ. ಹೀಗೆ ಒಂದರ ದನಿ ಇನ್ನೊಂದಕ್ಕೆ ಗುರುತಾಗುತ್ತದೆ. ಸಮುದ್ರದಿಂದ ಮರಳಿದ ತಾಯಿ ದಂಡೆಯಲ್ಲಿ ನಿಂತು ಕೂಗಿದರೆ ನೂರಾರು ಮರಿಗಳ ನಡುವಿನಿಂದ ಅದರದೇ ಮರಿ ಎದ್ದು ಓಡಿ ಬರುತ್ತದೆ. ಆದರೂ ತಾಯಿ ಮೂಸಿ ನೋಡಿ, ತನ್ನದೇ ಎಂದು ಖಾತ್ರಿಯಾದ ಮೇಲೆಯೇ ಹಾಲು ಕೊಡುತ್ತದೆ. ಮೊದಲು ಹೆತ್ತ ತಾಯಂದಿರು ಈಗಾಗಲೇ ಸಮುದ್ರಕ್ಕೆ ಇಳಿದಿವೆ. ಕೆಲವುಗಳ ಬೆನ್ನ ಮೇಲೆ ನಮ್ಮ ಯಂತ್ರಗಳಿವೆ.

ಹೋದ ವಾರ ಇಲ್ಲಿ ಗಂಡುಗಳ ಕಾದಾಟದಲ್ಲಿ ತಾಯಿಯೊಂದು ಅಡಿಗೆ ಸಿಕ್ಕಿ ಸತ್ತಿತು. ಅದರ ಮರಿ ಒಂದು ತಾಯಿಯಿಂದ ಇನ್ನೊಂದು ತಾಯಿಗೆ ಹೋಯಿತು. ಎಲ್ಲವೂ ಮೂಸಿದವು, ಹಲ್ಲಿನಿಂದ ಕಚ್ಚಿ ಎತ್ತಿ ಎಸೆದವು. ಅದು ಮತ್ತೆ ಎದ್ದು ಮುಂದಿನ ತಾಯಿಯ ಬಳಿ ಹೋಗುತ್ತಿತ್ತು. ನಾನು ಎರಡು ದಿನ ನೋಡಿದೆ. ಮೂರನೆಯ ದಿನ ಆ ಕಡೆ ಹೋಗಲಿಲ್ಲ.

ಆಗ ನನಗೆ ನಮ್ಮ ನೀತಾ ನೆನಪಾದಳು. ಈ ದಂಡೆಯಲ್ಲಿ ಇಷ್ಟು ಸಾವಿರ ತಾಯಂದಿರಿವೆ, ತನ್ನದಲ್ಲದ ಮರಿಗೆ ಎದೆ ಕೊಡುವ ಒಂದನ್ನೂ ನಾನು ನೋಡಲಿಲ್ಲ. ನೀತಾ ಒಂದು ಮಾತೂ ಆಡದೆ ಇಂದೂಳ ಮಗನನ್ನು ಎತ್ತಿಕೊಂಡಳು. ಅವ್ವ, ಅವಳಿಗೆ ಕೆಲಸ ಹೇಳಬೇಡ, ಕೂರಿಸಿ ಉಣ್ಣಿಸು. ನಮ್ಮ ಮನೆಯಲ್ಲಿ ಅವಳಷ್ಟು ದೊಡ್ಡ ಮನಸ್ಸು ಯಾರಿಗೂ ಇಲ್ಲ, ಓದಿ ಓದಿ ಇಲ್ಲಿಗೆ ಬಂದ ನನಗೂ ಇಲ್ಲ. ಮಾಂತು ದೊಡ್ಡವನಾದ ಮೇಲೆ ಇದನ್ನು ನಾನೇ ಅವನಿಗೆ ಹೇಳುತ್ತೇನೆ. ಇಬ್ಬರು ಕೂಸುಗಳಿಗೂ ನನ್ನ ಮುತ್ತು.

ನಿಮ್ಮ
ಶಾಮಲಾ


ಪುಣೆ,
೩೦ ಡಿಸೆಂಬರ್ ೧೯೯೩

ಶಾಮಲಕ್ಕ,

ಎಡಗಡೆಯ ಎದೆಗೆ ಬಾವು ಬಂದು ಕೀವಾಯಿತು. ನಾಲ್ಕು ದಿನ ಜ್ವರದಲ್ಲಿ ಬಿದ್ದಿದ್ದೆ. ಕೊಯ್ದು ಪಟ್ಟಿ ಕಟ್ಟಿದ್ದಾರೆ, ಆ ಕಡೆ ಇನ್ನು ಹಾಲಿಲ್ಲ. ಉಳಿದದ್ದು ಒಂದು. ಅದರಲ್ಲಿ ಬಂದಷ್ಟನ್ನು ಸ್ನೇಹಲ್‌ಗೆ ಕೊಡುತ್ತಿದ್ದೇನೆ.

ಡಾಕ್ಟರು ಹೀಗೆ ಹೇಳಿದರು ಎಂದು ಅತ್ತೆಯವರಿಗೆ ಹೇಳಿದ್ದೇನೆ. ಡಾಕ್ಟರು ಹಾಗೆ ಹೇಳಲಿಲ್ಲ. “ಎಷ್ಟು ಬರ್ತದೋ ಅಷ್ಟು ಕೊಡಿ” ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅತ್ತೆಯವರು ಮಾಂತುಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಾರೆ. ಅರ್ಧ ಕುಡಿಯುತ್ತಾನೆ, ಅರ್ಧ ಕತ್ತಿನ ಕೆಳಗೆ ಹೋಗುತ್ತದೆ. ನಾನು ಹತ್ತಿರ ಹೋದರೆ ನನ್ನ ವಾಸನೆಗೆ ಅಳಲು ಶುರು ಮಾಡುತ್ತಾನೆ. ಅದಕ್ಕೇ ನಾನು ಆ ಕೋಣೆಗೆ ಹೋಗುವುದಿಲ್ಲ.

ನಿಮ್ಮ
ನೀತಾ


ದ್ವೀಪದಿಂದ,
೨೪ ಜನವರಿ ೧೯೯೪

ನೀತಾ,

ನಿನ್ನ ನವೆಂಬರಿನ ಪತ್ರ ಈ ಹಡಗಿನಲ್ಲಿ ಬಂತು. ಹಡಗು ಇನ್ನೂ ನಿಂತಿದೆ, ಅದು ಹೋಗುವುದರೊಳಗೆ ಉತ್ತರ ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಎರಡು ಮರಿಗಳಿಗೆ ಹಾಲೂಡಿ ಬದುಕಿಸುವುದು ಇವುಗಳ ಕೈಲಾಗದು. ಹಾಲು ಒಂದು ಮರಿಗೆ ಸಾಕಾಗುವಷ್ಟೇ ಇರುತ್ತದೆ, ಅದೂ ಒಳ್ಳೆಯ ವರ್ಷದಲ್ಲಿ. ಇನ್ನೊಂದನ್ನು ಕಚ್ಚಿ ಎಸೆಯುವುದು ಕ್ರೌರ್ಯದಿಂದಲ್ಲ. ಹಂಚಿದರೆ ಎರಡೂ ಸಾಯುತ್ತವೆ.

ಈ ವರ್ಷ ಒಂದಕ್ಕೂ ಸಾಲುತ್ತಿಲ್ಲ. ಇವು ತಿನ್ನುವುದು ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿಯನ್ನು. ಈ ಸಲ ಅದು ನಮ್ಮ ಕಡೆಯ ನೀರಿಗೆ ಬರಲೇ ಇಲ್ಲ. ಯಾಕೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಬೇರೆ ವರ್ಷಗಳ ದಾಖಲೆ ನೋಡಿದರೆ ತಾಯಂದಿರು ಹೆಚ್ಚಾಗಿ ಕತ್ತಲಾದ ಮೇಲೆ ಮುಳುಗುತ್ತವೆ, ಆಗ ಕ್ರಿಲ್ ಮೇಲಕ್ಕೆ ಏರಿ ಸುಲಭವಾಗಿ ಸಿಗುತ್ತದೆ. ಹಗಲು ನೀರಿನ ಮೇಲೆ ತೇಲುತ್ತ ದಣಿವಾರಿಸಿಕೊಳ್ಳುತ್ತವೆ. ಈ ವರ್ಷ ಬಿಚ್ಚಿದ ಯಂತ್ರಗಳಲ್ಲಿ ಹಗಲೂ ಮುಳುಗು, ರಾತ್ರಿಯೂ ಮುಳುಗು. ಆಳಕ್ಕೆ ಹೋಗಿ ಬರಿಗೈಲಿ ಮೇಲೆ ಬಂದು, ಉಸಿರು ತೆಗೆದುಕೊಂಡು ಮತ್ತೆ ಮುಳುಗುತ್ತವೆ. ನಾಲ್ಕೈದು ದಿನಕ್ಕೆ ಬರಬೇಕಾದವು ಹತ್ತು ದಿನವಾದರೂ ಬರುವುದಿಲ್ಲ. ಬಂದಾಗ ಪಕ್ಕೆಲುಬು ಕಾಣುತ್ತಿರುತ್ತವೆ. ಅಷ್ಟು ದಿನ ಕಾದ ಮರಿ ಹಾಲು ಕುಡಿಯಲು ಶುರು ಮಾಡಿದರೆ ಬೇಗ ಮುಗಿದುಹೋಗುತ್ತದೆ.

ಮರಿಗಳನ್ನು ತೂಗುವವಳು ನಾನು. ಹೋದ ಸಲ ತೂಗಿದ್ದಕ್ಕಿಂತ ಈ ಸಲ ಹಗುರ. ಚೀಲಕ್ಕೆ ಹಾಕುವಾಗ ಮೊದಲು ಕಚ್ಚುತ್ತಿದ್ದವು, ಈಗ ಕಚ್ಚುವುದಿಲ್ಲ. ಅವಕ್ಕೆ ಏನಾದರೂ ತಿನ್ನಿಸಬಹುದೇ ಎಂದು ಕೇಳಿದೆ. ನಮ್ಮ ತಂಡದ ಮುಖ್ಯಸ್ಥರು ಕೂಡದು ಎಂದರು. ನಾವು ನೋಡಲು ಬಂದವರು, ಮಧ್ಯೆ ಕೈಹಾಕುವ ಹಾಗಿಲ್ಲ. ಅವರು ಹೇಳುವುದು ಸರಿ. ಅಷ್ಟಕ್ಕೂ ತಿನ್ನಿಸಲು ನಮ್ಮಲ್ಲಿ ಇರುವುದಾದರೂ ಏನು?

ನೀತಾ, ನನ್ನ ಮಾತು ಕೇಳು. ಹಾಲು ಸಾಲದಿದ್ದರೆ ಸ್ನೇಹಲ್‌ಗೆ ಕೊಡು. ಮಾಂತುಗೆ ಬಾಟಲಿಯೋ ಚಮಚವೋ, ಏನಾದರೂ ರೂಢಿ ಮಾಡಿಸಿ. ಡಬ್ಬಿ ಹಾಲು ತರಲು ಪ್ರಭುಗೆ ಹೇಳು, ನೀರು ಕುದಿಸಿ ಆರಿಸಿರಲಿ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಈ ಪತ್ರವನ್ನು ಅವ್ವನಿಗೆ ಓದಿ ಹೇಳು. ನಾನು ಹೇಳಿದೆನೆಂದೇ ಹೇಳು.

ಡಿಸೆಂಬರಿನಲ್ಲಿ ನಿಮ್ಮೆಲ್ಲರಿಗೂ ಸೇರಿಸಿ ಒಂದು ಪತ್ರ ಬರೆದಿದ್ದೆ. ನಿನ್ನನ್ನು ಬಹಳ ಹೊಗಳಿದ್ದೆ. ನಿನ್ನ ಸ್ಥಿತಿ ತಿಳಿಯದೆ ಬರೆದದ್ದು. ಅದು ಈಗ ಯಾವುದೋ ಹಡಗಿನಲ್ಲಿ, ಯಾವುದೋ ಚೀಲದಲ್ಲಿ ಇದೆ. ತಡೆಯಲು ನನ್ನಿಂದ ಆಗುವುದಿಲ್ಲ. ಬಂದರೆ ಓದಬೇಡಿ, ಒಲೆಗೆ ಹಾಕಿ.

ಶಾಮಲಾ


ಪುಣೆ,
೧೬ ಫೆಬ್ರವರಿ ೧೯೯೪

ಚಿ. ಶಾಮಲಾಳಿಗೆ ಅವ್ವನ ಆಶೀರ್ವಾದ.

ನಾನು ಹೇಳುತ್ತೇನೆ, ಪ್ರಭು ಬರೆಯುತ್ತಾನೆ.

ನಮ್ಮ ಮಾಂತು ಹೋದ. ಜನವರಿ ಕೊನೆಯಲ್ಲಿ ಭೇದಿ ಹಿಡಿಯಿತು. ಆಸ್ಪತ್ರೆಗೆ ಸೇರಿಸಿದೆವು, ತಲೆಗೆ ಸೂಜಿ ಚುಚ್ಚಿ ಸಲಾಯಿನ್ ಕೊಟ್ಟರು. ಕೈಯಲ್ಲಿ ನರ ಸಿಗಲಿಲ್ಲವಂತೆ. ಎರಡು ದಿನ ಇದ್ದ. ರುದ್ರಭೂಮಿಗೆ ಪ್ರಭುವೇ ಎತ್ತಿಕೊಂಡು ಹೋದ. ಗೋಡೆ ಬಿದ್ದರೂ ಉಳಿದ ಕೂಸು ನನ್ನ ಮನೆಯಲ್ಲಿ ಉಳಿಯಲಿಲ್ಲ. ನನ್ನ ತಮ್ಮನ ವಂಶಕ್ಕೆ ಅದೊಂದೇ ಇತ್ತು. ಪ್ರಭು ನಿನಗೆ ತಂತಿ ಕೊಡುತ್ತೇನೆ ಅಂದ. ನಾನೇ ಬೇಡ ಅಂದೆ. ಅಷ್ಟು ದೂರ ಒಬ್ಬಳೇ ಕೂತು ಅಳುವುದು ಯಾಕೆ?

ನಿನ್ನ ಪತ್ರ ಹೋದ ವಾರ ಬಂತು. ಆ ದಿನ ಸೊಲ್ಲಾಪುರದಿಂದ ಸಾಬವ್ವ ಮಾತಾಡಿಸಲು ಬಂದಿದ್ದಳು, ನನ್ನ ದೊಡ್ಡಪ್ಪನ ಮಗಳು, ನಿನಗೆ ಗೊತ್ತಲ್ಲ. ಇನ್ನೂ ನಾಲ್ಕು ಹೆಂಗಸರಿದ್ದರು. ಮಗಳ ಪತ್ರ ಬಂತೆಂದು ನನಗೆ ಅಷ್ಟರಲ್ಲೇ ಒಂದು ಸಮಾಧಾನ. ಓದು ಅಂದೆ. ಎಲ್ಲರನ್ನೂ ಕೂರಿಸಿ ಓದಲು ನೀನೇ ಬರೆದಿದ್ದೆ. ನೀತಾ ಬಾಗಿಲ ಬಳಿ ನಿಂತಿದ್ದಳು. ತಾಯಿ ಸತ್ತ ಮರಿಯ ಮಾತು ಬಂತು. ಆಮೇಲೆ ನೀತಾಳ ಮಾತು ಬಂತು. ಪ್ರಭುವಿನ ದನಿ ಸಣ್ಣದಾಯಿತು, ಆದರೂ ಓದಿದ. ಓದಿ ಮುಗಿದ ಮೇಲೆ ಸಾಬವ್ವ ಸೆರಗು ಬಾಯಿಗೆ ಹಿಡಿದು, “ಹಂಗಾರ ಆ ಪ್ರಾಣಿಗಳಂಗಽ ಮಾಡಿದಂಗಾತಲ್ಲಽ ಯವ್ವಾ” ಅಂದಳು.

ನೀತಾ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಬಂದವರಿಗೆಲ್ಲ ಊಟಕ್ಕೆ ಬಡಿಸಿದಳು. ಸಾಬವ್ವನಿಗೆ ಸಾರು ಬೇಕೇ ಎಂದು ಎರಡು ಸಲ ಕೇಳಿದಳು. ಆ ದಿನದಿಂದ ಈ ಮನೆಯಲ್ಲಿ ಅವಳ ದನಿ ಕೇಳಿಲ್ಲ.

ನಾನು ಅವಳಿಗೆ ಏನೂ ಅನ್ನಲಿಲ್ಲ ಶಾಮಲಾ. ಸಾಬವ್ವನಿಗೂ ಏನೂ ಅನ್ನಲಿಲ್ಲ.

ನಿನ್ನ ಅವ್ವ
ಚನ್ನಬಸವ್ವ

ಅಕ್ಕಾ, ಅವ್ವ ಹೇಳಿದಂತೆ ಬರೆದಿದ್ದೇನೆ. ಮೊದಲು ಮನಸ್ಸಿನಲ್ಲಿ ಓದಿಕೊಂಡಿದ್ದರೆ ಆ ಪುಟ ದಾಟಿಸಿಬಿಡುತ್ತಿದ್ದೆ. ಶುರು ಮಾಡಿದ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಿಲ್ಲಿಸಲು ಬರಲಿಲ್ಲ. ನೀತಾ ನನ್ನ ಜೊತೆಗೂ ಮಾತಾಡುತ್ತಿಲ್ಲ. — ಬಸವಪ್ರಭು


ದ್ವೀಪದಿಂದ,
೨೯ ಮಾರ್ಚ್ ೧೯೯೪

ನೀತಾ,

ಡಿಸೆಂಬರಿನ ನಿನ್ನ ಪತ್ರ, ಫೆಬ್ರವರಿಯ ಅವ್ವನ ಪತ್ರ ಎರಡೂ ಒಂದೇ ಚೀಲದಲ್ಲಿ ಬಂದವು. ದಿನಾಂಕ ನೋಡಿ ನಿನ್ನದನ್ನು ಮೊದಲು ಓದಿದೆ. ಓದಿ, ನಿನಗೆ ಏನು ಬರೆಯಲಿ ಎಂದು ಯೋಚಿಸುತ್ತ ಚಹಾ ಕುಡಿದೆ. ಆಮೇಲೆ ಅವ್ವನದನ್ನು ಒಡೆದೆ.

ನಾನು ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದಕ್ಕೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬರುವುದಿಲ್ಲ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮತ್ತೆ ಬರೆದಿದ್ದೇನೆ. ಕ್ಷಮಿಸು.

ಇಲ್ಲಿಯ ಕೆಲಸ ಮುಗಿಯುತ್ತ ಬಂತು. ತೂಗಲು ಮರಿಗಳೇ ಉಳಿದಿಲ್ಲ. ದಂಡೆಯಲ್ಲಿ ಬಿದ್ದವನ್ನು ದೊಡ್ಡ ಹಕ್ಕಿಗಳು ತಿನ್ನುತ್ತವೆ. ತಾಯಂದಿರು ಈಗಲೂ ಬರುತ್ತವೆ. ನಿನ್ನೆ ಒಂದು ಬಂತು, ಬೆನ್ನ ಮೇಲೆ ನಮ್ಮ ಯಂತ್ರ ಇದ್ದದ್ದು. ನೀರಿನಿಂದ ಎದ್ದು ಕೂಗಿತು. ಕೂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೂಗಿತು. ಅದರ ಮರಿ ಹೋಗಿ ವಾರವಾಗಿತ್ತು, ನನಗೆ ಗೊತ್ತಿತ್ತು. ನಾವು ಬಲೆ ಹಾಕಿ ಹಿಡಿದು ಯಂತ್ರ ಬಿಚ್ಚಿಕೊಂಡೆವು. ಬಿಟ್ಟ ಮೇಲೆ ಅದು ಮತ್ತೆ ಅದೇ ಜಾಗಕ್ಕೆ ಹೋಗಿ ಕೂಗಿತು. ಆ ಯಂತ್ರದಲ್ಲಿ ಅದು ಎಲ್ಲೆಲ್ಲಿ ಎಷ್ಟು ಮುಳುಗಿತು ಎಂಬುದೆಲ್ಲ ಇದೆ. ನಮ್ಮ ತಂಡದ ಮುಖ್ಯಸ್ಥರು ಇಷ್ಟು ಒಳ್ಳೆಯ ದಾಖಲೆ ಹಿಂದೆ ಸಿಕ್ಕಿರಲಿಲ್ಲ ಎಂದು ಸಂತೋಷಪಟ್ಟರು.

ಮೇ ಕೊನೆಗೆ ಪುಣೆಗೆ ಬರುತ್ತೇನೆ. ಬಂದ ಕೂಡಲೇ ಅವ್ವನ ಎದುರಿಗೆ ಎಲ್ಲವನ್ನೂ ಹೇಳುತ್ತೇನೆ. ಸಾಬವ್ವನ ಮನೆಗೂ ಹೋಗಿ ಹೇಳುತ್ತೇನೆ. ನಿನಗೆ ಏನು ಅನ್ನಿಸುತ್ತದೋ ಅದನ್ನು ನನಗೆ ಬರೆ. ಬೈದು ಬರೆದರೂ ಸರಿ. ಇಂಗ್ಲೆಂಡಿನ ಹಳೆಯ ವಿಳಾಸಕ್ಕೇ ಹಾಕು.

ಶಾಮಲಾ


ಶಿರೂರು,
೧೨ ಮೇ ೧೯೯೪

ಶಾಮಲಕ್ಕನಿಗೆ,

ಮಾರ್ಚ್ ಮೊದಲಲ್ಲೇ ನಾನು ಇಲ್ಲಿಗೆ ಅಣ್ಣನ ಮನೆಗೆ ಬಂದೆ. ಬ್ಯಾಂಕಿನ ಇಲ್ಲಿಯ ಶಾಖೆಗೆ ವರ್ಗ ಮಾಡಿಸಿಕೊಂಡಿದ್ದೇನೆ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಹೊರಡುವ ದಿನ ಅತ್ತೆಯವರು ಬುತ್ತಿ ಕಟ್ಟಿ ಕೊಟ್ಟರು, ಸ್ನೇಹಲ್‌ಳ ಹಣೆಗೆ ವಿಭೂತಿ ಹಚ್ಚಿದರು. “ಯಾವಾಗ ಬರ್ತಿ?” ಎಂದು ಕೇಳಲಿಲ್ಲ.

ನಿಮ್ಮ ಜನವರಿಯ ಪತ್ರ ನಾನು ಬಂದ ಮೇಲೆ ಪುಣೆಗೆ ಮುಟ್ಟಿತು. ನಿಮ್ಮ ತಮ್ಮ ಅದನ್ನು ಇಲ್ಲಿಗೆ ತಂದುಕೊಟ್ಟರು. ಮಾರ್ಚಿನದನ್ನು ಮೊನ್ನೆ ತಂದರು. ಅವರು ಭಾನುವಾರ ಬರುತ್ತಾರೆ. ಮಗಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ, ಚಹಾ ಕುಡಿದು ಬಸ್ಸಿಗೆ ಹೋಗುತ್ತಾರೆ. ನಮ್ಮಿಬ್ಬರಿಗೆ ಮಾತಾಡಲು ಏನೂ ಇಲ್ಲ. ಮುಂದೆ ಇರುತ್ತದೆ ಎಂದೂ ನನಗೆ ಅನ್ನಿಸುವುದಿಲ್ಲ.

ಬೈದು ಬರೆ ಎಂದು ಬರೆದಿದ್ದೀರಿ. ಯಾಕೆ ಬೈಯಲಿ? ನೀವು ಒಳ್ಳೆಯದನ್ನೇ ಬರೆದಿರಿ. ಅತ್ತೆಯವರು ತುಪ್ಪ ಹಾಕಿ ಉಣ್ಣಿಸಿದರು. ನಿಮ್ಮ ತಮ್ಮ ಓದು ಅಂದದ್ದನ್ನು ಓದಿದರು. ಸಾಬವ್ವ ಕೂಡ ಸತ್ತ ಕೂಸಿಗಾಗಿ ಅತ್ತೇ ಹಾಗೆ ಅಂದದ್ದು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಒಬ್ಬರೂ ಸಿಗುವುದಿಲ್ಲ. ನೀವು ಅತ್ತೆಯವರಿಗೆ ಏನನ್ನೂ ಹೇಳಬೇಡಿ. ನೀವು ಹೇಳಿದರೆ ಅವರು ಒಪ್ಪುತ್ತಾರೆ. ಒಪ್ಪಿ, ಮತ್ತೆ ಆ ಖಾಲಿ ತೊಟ್ಟಿಲನ್ನು ನೋಡುತ್ತಾರೆ.

ಸೀಲ್‌ಗಳ ಬಗ್ಗೆ ಇನ್ನು ನನಗೆ ಬರೆಯಬೇಡಿ. ಅವು ಪ್ರಾಣಿಗಳು. ಅವಕ್ಕೆ ಅತ್ತೆ ಇಲ್ಲ, ಮಾತಾಡಿಸಲು ಬರುವ ನೆಂಟರಿಲ್ಲ. ಕಚ್ಚಿ ಎಸೆದ ಮರಿ ಪಕ್ಕದ ಕೋಣೆಯಲ್ಲೇ ಮಲಗಿರುವುದಿಲ್ಲ.

ಸ್ನೇಹಲ್ ಹಿಡಿದುಕೊಂಡು ನಿಲ್ಲುತ್ತಾಳೆ. ಎರಡು ಹಲ್ಲು ಬಂದಿವೆ. ನನ್ನ ಹಾಲು ಏಪ್ರಿಲ್‌ನಲ್ಲಿ ನಿಂತಿತು. ತಾನಾಗಿಯೇ ನಿಂತಿತು.

ಒಂದು ವಿಷಯ ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳಿ ಮುಗಿಸುತ್ತೇನೆ. ಆಮೇಲೆ ನೀವು ಬರೆಯಬೇಡಿ, ಶಿರೂರಿಗೂ ಬರಬೇಡಿ. ನಿಮ್ಮನ್ನು ಕಂಡರೆ ನಾನು ಮತ್ತೆ ನಿಮ್ಮ ಪತ್ರದ ಆ ಹೆಂಗಸೇ ಆಗಬೇಕಾಗುತ್ತದೆ.

ಅವನನ್ನು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ನಾನು ಬ್ಯಾಂಕಿನಿಂದ ಮಧ್ಯಾಹ್ನವೇ ಬಂದೆ. ನಾನು ಬಂದ ಮೇಲೆ ಅತ್ತೆಯವರು ರಂಗೂಬಾಯಿಯನ್ನು ಕರೆದುಕೊಂಡು ಔಷಧಿ ತರಲು ಹೋದರು. ಸ್ನೇಹಲ್ ಮಲಗಿದ್ದಳು. ಎಷ್ಟೋ ವಾರಗಳ ಮೇಲೆ ಆ ಕೋಣೆಗೆ ಹೋದೆ. ಈ ಸಲ ಅವನು ಅಳಲಿಲ್ಲ. ಕಣ್ಣು ತೆರೆದೇ ಇದ್ದ. ಎತ್ತಿಕೊಂಡರೆ ಬಟ್ಟೆಯ ತೂಕವೇ ಹೆಚ್ಚು ಅನ್ನಿಸಿತು. ಬಾಗಿಲು ಹಾಕಿ ಕುಳಿತು ಎದೆಗೆ ಹಿಡಿದೆ. ಬೆಳಗಿನಿಂದ ಕಟ್ಟಿದ ಹಾಲಿತ್ತು. ತುಟಿಗೆ ತಾಗಿಸಿದೆ, ಬೆರಳಿನಿಂದ ಗಲ್ಲ ಒತ್ತಿ ಬಾಯಿ ತೆರೆಸಿದೆ, ಹಿಂಡಿದೆ. ಅವನು ಎಳೆಯಲಿಲ್ಲ. ಎಳೆಯುವುದು ಮರೆತಿತ್ತೋ, ಶಕ್ತಿ ಇರಲಿಲ್ಲವೋ. “ಕುಡಿಯೋ, ಕುಡಿಯೋ ಮಾಂತೂ” ಅಂದೆ. ಹಾಲು ಬಾಯಿ ತುಂಬಿ ಕೆನ್ನೆಯ ಮೇಲಿಂದ ಕಿವಿಗೆ ಹರಿಯಿತು. ನನ್ನನ್ನೇ ನೋಡುತ್ತಿದ್ದ.

ಸೆರಗಿನಿಂದ ಕಿವಿ ಒರೆಸಿದೆ. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಸ್ನೇಹಲ್ ಎದ್ದು ಅತ್ತಳು. ಅವನನ್ನು ಕೆಳಗೆ ಮಲಗಿಸಿ ಅವಳ ಹತ್ತಿರ ಹೋದೆ.

ನೀತಾ